‘ಏನೂ ಇಲ್ಲ’ ಎಂಬ ಉತ್ತರವನ್ನು ನಾವು ಒಪ್ಪುವುದಿಲ್ಲ

ನಮ್ಮ ಸಂಘದ ಶನಿವಾರದ ಭಜನೆಗೆ ತಪ್ಪದೆ ಬರುತ್ತಿದ್ದ ಹಿರಿಯ ಮಹಿಳೆಯೊಬ್ಬರು ಕೆಲವು ತಿಂಗಳಿಂದ ಕಾಣಿಸಿಕೊಳ್ಳಲಿಲ್ಲ. ವಿಜಯಪುರದ ಕಡೆಯವರು. ಯಜಮಾನರು ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಡೊಂಬಿವಲಿಯ ಮಗನ ಮನೆಗೆ ಬಂದು ನೆಲೆಸಿದವರು. ವಯಸ್ಸು ಅರವತ್ತು ದಾಟಿದೆ. ಏನಾಗಿದೆಯೆಂದು ವಿಚಾರಿಸಲು ನಾವು ಇಬ್ಬರು ಮೂವರು ಒಂದು ಭಾನುವಾರ ಅವರ ಮನೆಗೆ ಹೋದೆವು. ಸೊಸೆ ಚಹ ತಂದಿಟ್ಟರು. ಮಗ ನಕ್ಕು, “ಅವ್ವಗ ಏನೂ ಆಗಿಲ್ರಿ. ಮೂರು ಮಂದಿ ಡಾಕ್ಟರಿಗೆ ತೋರಿಸೇವಿ, ಮೂರೂ ಮಂದಿ ಏನೂ ಇಲ್ಲ ಅಂದಾರ” ಎಂದರು. ಗೋಡೆಗೊರಗಿ ಕುಳಿತಿದ್ದ ತಾಯಿ ಬಾಯಲ್ಲೊಂದು ಕಲ್ಲುಸಕ್ಕರೆ ಚೂರು ಇಟ್ಟುಕೊಂಡು ಸೊಲ್ಲೆತ್ತದೆ ನೆಲ ನೋಡುತ್ತಿದ್ದರು.

ಮಗ ಫೋನಿಗೆಂದು ಎದ್ದು ಹೋದಾಗ ಅವರು ಮೆಲ್ಲಗೆ ಹೇಳಿದ ಮಾತನ್ನು ಇಲ್ಲಿ ಅವರ ಬಾಯಿಂದ ಬಂದಂತೆಯೇ ಕೊಡುತ್ತೇವೆ: “ನಾಲಿಗಿ ತುದಿ ಉರೀತದರಿ. ಬಿಸಿ ಚಹಾ ಕುಡದು ಸುಟಗೊಂಡರ ಹ್ಯಾಂಗ ಆಗ್ತದ, ಹಾಂಗ. ಮುಂಜಾನೆ ಎದ್ದಾಗ ಅಷ್ಟಿರೂದಿಲ್ಲ. ಮಧ್ಯಾಹ್ನ ಶುರುವಾಗಿ ಸಂಜೀಕ ದೀಪಾ ಹಚ್ಚೂ ಹೊತ್ತಿಗೆ ಕೆಂಡ ಇಟ್ಟಂಗ ಆಗ್ತದ. ಉಣ್ಣೂ ಮುಂದ ಏನೂ ಗೊತ್ತಾಗೂದಿಲ್ಲ. ಕೈ ತೊಳಕೊಂಡು ಕುಂತರ ಮತ್ತ ಹತ್ತತದ. ಯಾರ ಮುಂದ ಹೇಳಲಿ? ಹೇಳಿದರ ನಗತಾರ.”

ಒಂದೂವರೆ ವರ್ಷದಿಂದ ಹೀಗೆ. ಕೆಂಪು ಖಾರದ ಚಟ್ನಿಯಿಲ್ಲದೆ ರೊಟ್ಟಿ ಮುರಿಯದಿದ್ದವರು ಖಾರವನ್ನೇ ಬಿಟ್ಟಿದ್ದರು, ಉರಿ ಬಿಡಲಿಲ್ಲ. ‘ಉಷ್ಣ’ವೆಂದು ಸಬ್ಬಕ್ಕಿ ಗಂಜಿ, ಕಾಮಕಸ್ತೂರಿ ಬೀಜದ ನೀರು, ಎಳನೀರು ಆದವು. ದಂತವೈದ್ಯರೊಬ್ಬರ ಕೈಯಲ್ಲಿ ಎರಡು ಹಲ್ಲು ಹೋದವು. ಆಮೇಲೆ ಆ ತಾಯಿಯ ಬಾಯಿಂದ ಹೋದದ್ದು ಮಾತು. ಭಜನೆಗೆ ಏಕೆ ಬರುತ್ತಿಲ್ಲವೆಂದರೆ, ಹಾಡಿದಷ್ಟೂ ನಾಲಗೆ ಉರಿಯುತ್ತದೆ; ನಡುನಡುವೆ ನೀರು ಗುಟುಕರಿಸಿದರೆ ಜನ ತಿರುಗಿ ನೋಡುತ್ತಾರೆ ಎಂಬ ಸಂಕೋಚ.

ಓದುಗರೇ, ನಾವು ಈ ಒಂದು ಮನೆಯನ್ನು ದೂರುವುದಕ್ಕಾಗಿ ಲೇಖನಿ ಹಿಡಿದಿಲ್ಲ. ಆ ಮಗ ಕೆಟ್ಟವನಲ್ಲ. ಬೆಳಗಿನ ಐದೂವರೆಗೆ ಎದ್ದು ಲೋಕಲ್ ಹಿಡಿದು, ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟುವವನು. ರಜೆ ಹಾಕಿ ತಾಯಿಯನ್ನು ಮೂರು ಕಡೆ ಕರೆದೊಯ್ದವನು. ನಮ್ಮ ತಕರಾರು ಆ ಎರಡು ಶಬ್ದಗಳ ಮೇಲೆ: ‘ಏನೂ ಇಲ್ಲ.’ ಇವು ವೈದ್ಯರ ಬಾಯಿಂದ ಬಂದು, ಮಗನ ಬಾಯಿಗೆ ದಾಟಿ, ಸೊಸೆಯ ಬಾಯಿಂದ ನೆರೆಮನೆಗೆ ಹೋಗಿ, ಕೊನೆಗೆ ‘ಅವರದು ಬರೀ ನಾಟಕ’ ಎಂಬ ತೀರ್ಪಾಗಿ ತಾಯಿಯ ತಲೆಯ ಮೇಲೆ ಬಂದು ಕೂರುತ್ತವೆ. ಈ ತೀರ್ಪು ಸುಳ್ಳು. ಕೇವಲ ನಿಷ್ಠುರವೆಂದಲ್ಲ, ವೈದ್ಯಶಾಸ್ತ್ರದ ದೃಷ್ಟಿಯಿಂದಲೇ ಸುಳ್ಳು. ಅದನ್ನು ತೋರಿಸಿಕೊಡುವುದೇ ನಮ್ಮ ಉದ್ದೇಶ.

ಈ ಬೇನೆಗೆ ಹೆಸರಿದೆ. ವೈದ್ಯರು ಇದನ್ನು ಬರ್ನಿಂಗ್ ಮೌತ್ ಸಿಂಡ್ರೋಮ್ ಎನ್ನುತ್ತಾರೆ. ನಾವು ಬಾಯುರಿ ಬೇನೆ ಎಂದು ಕರೆಯೋಣ. ಅಂತರರಾಷ್ಟ್ರೀಯ ತಲೆನೋವು ಸಂಘ 2018ರಲ್ಲಿ ಹೊರತಂದ ವರ್ಗೀಕರಣದಲ್ಲಿ ಇದರ ಲಕ್ಷಣವನ್ನು ಸ್ಪಷ್ಟವಾಗಿ ಹೇಳಿದೆ: ಬಾಯೊಳಗೆ ಉರಿ ಅಥವಾ ಅದನ್ನು ಹೋಲುವ ವಿಕಾರ ಸಂವೇದನೆ, ದಿನವೂ ಮರುಕಳಿಸಿ 2 ಗಂಟೆಗಿಂತ ಹೆಚ್ಚು ಹೊತ್ತು ಇರಬೇಕು, 3 ತಿಂಗಳಿಗಿಂತ ಹೆಚ್ಚು ಕಾಲ ಸಾಗಿರಬೇಕು, ಬಾಯಿ ಪರೀಕ್ಷಿಸಿದರೆ ಉರಿಗೆ ಕಾರಣವಾಗಬಲ್ಲ ಹುಣ್ಣಾಗಲಿ ಗಾಯವಾಗಲಿ ಕಾಣಬಾರದು. ಕೊನೆಯ ಮಾತನ್ನು ಮತ್ತೊಮ್ಮೆ ಓದಿರಿ. ಕಾಣಬಾರದು! ಅಂದರೆ, ‘ನೋಡಿದರೆ ಏನೂ ಕಾಣುವುದಿಲ್ಲ’ ಎಂಬುದು ಈ ಬೇನೆ ಇಲ್ಲವೆನ್ನುವುದಕ್ಕೆ ಪುರಾವೆಯಲ್ಲ, ಅದು ಈ ಬೇನೆಯ ಲಕ್ಷಣಗಳಲ್ಲೊಂದು.

ಇನ್ನು ಮನೆಯವರು ಮುಂದಿಡುವ ಸಾಕ್ಷ್ಯಗಳನ್ನು ಒಂದೊಂದಾಗಿ ನೋಡೋಣ. “ಊಟ ಮಾಡುವಾಗ ಇಲ್ಲದ ಉರಿ ಸುಮ್ಮನೆ ಕೂತಾಗ ಹೇಗೆ ಬರುತ್ತದೆ?” ಎಂಬುದು ಮೊದಲನೆಯದು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಹುಣ್ಣಿನ ಬಾಯಿ ಉಣ್ಣುವಾಗ ಹೆಚ್ಚು ಉರಿಯುತ್ತದೆ. ಆದರೆ ಬಾಯುರಿ ಬೇನೆಯವರಲ್ಲಿ ಅನೇಕರಿಗೆ ಬಾಯಲ್ಲಿ ಆಹಾರವಿದ್ದಾಗ, ಏನನ್ನಾದರೂ ಚೀಪುತ್ತಿದ್ದಾಗ, ಉರಿ ತಗ್ಗುತ್ತದೆ. ಆ ತಾಯಿಯ ಕಲ್ಲುಸಕ್ಕರೆ ಚಪಲದ ಗುರುತಲ್ಲ, ಅವರು ತಾವಾಗಿಯೇ ಕಂಡುಕೊಂಡ ಔಷಧ.

“ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾರಲ್ಲ?” ಎಂಬುದು ಎರಡನೆಯದು. ಈ ಬೇನೆ ಬಹುಮಂದಿಗೆ ಬೆಳಗ್ಗೆ ಕಡಿಮೆಯಿದ್ದು, ಹೊತ್ತು ಏರಿದಂತೆ ಏರಿ, ಸಂಜೆಗೆ ಉತ್ಕಟವಾಗುತ್ತದೆ. ನಿದ್ದೆಯಲ್ಲಿರುವವರನ್ನು ಎಬ್ಬಿಸುವುದು ವಿರಳ. “ಒಮ್ಮೆ ಉರಿ ಎನ್ನುತ್ತಾರೆ, ಒಮ್ಮೆ ಕಹಿ ಎನ್ನುತ್ತಾರೆ, ಒಮ್ಮೆ ಬಾಯಿ ಒಣಗುತ್ತದೆ ಎನ್ನುತ್ತಾರೆ, ಮಾತಿಗೆ ನೆಲೆಯಿಲ್ಲ” ಎಂಬುದು ಮೂರನೆಯದು. ಉರಿಯೊಡನೆ ಕಹಿ ಅಥವಾ ಲೋಹದಂಥ ರುಚಿ, ಉಗುಳು ಸಾಕಷ್ಟಿದ್ದರೂ ಬಾಯಿ ಒಣಗಿದಂತೆ ಅನ್ನಿಸುವುದು, ಇವೆರಡೂ ಈ ಬೇನೆಯ ಜೊತೆಗಾರರು. “ಎಡಕ್ಕೂ ಅಂತೆ, ಬಲಕ್ಕೂ ಅಂತೆ, ತುಟಿಗೂ ಅಂತೆ” ಎಂಬುದು ನಾಲ್ಕನೆಯದು. ನಾಲಗೆಯ ತುದಿ ಮತ್ತು ಮುಂಭಾಗ, ತುಟಿಯ ಒಳಬದಿ, ಅಂಗುಳ, ಸಾಮಾನ್ಯವಾಗಿ ಎರಡೂ ಬದಿಗೆ. ಇದೇ ಈ ಬೇನೆಯ ಜಾಗ.

ಯಾವುದನ್ನು ನಾಟಕದ ಪುರಾವೆ ಎಂದು ತಾಯಿಯ ಮುಂದೆ ಎಸೆದೆವೋ ಅದೇ ಬೇನೆಯ ಪುರಾವೆಯಾಗಿತ್ತು. ವಿಜಯಪುರದ ಹಳ್ಳಿಯಿಂದ ಬಂದ, ವೈದ್ಯಗ್ರಂಥದ ಒಂದು ಪುಟವನ್ನೂ ಕಾಣದ ಹೆಂಗಸು, ಕೇಳಿದವರಿಗೆ ಆ ಪುಟವನ್ನೇ ತನ್ನ ಮಾತಿನಲ್ಲಿ ಓದಿ ಹೇಳುತ್ತಿದ್ದಳು. ಸುಳ್ಳು ಹೇಳುವವಳಿಗೆ ಇಷ್ಟು ಸರಿಯಾಗಿ ಹೇಳುವುದು ಸಾಧ್ಯವೆ?

ಇದು ಯಾರಿಗೆ ಬರುತ್ತದೆ? ಗಂಡಸರಿಗೂ ಉಂಟು, ಆದರೆ ಬಹುಪಾಲು ಹೆಂಗಸರಿಗೆ, ಅದರಲ್ಲೂ ಮುಟ್ಟು ನಿಲ್ಲುವ ಕಾಲದಲ್ಲಿ ಮತ್ತು ನಿಂತ ಮೇಲೆ. ಇಲ್ಲಿಯೇ ನಮ್ಮ ಮನೆಗಳ ಇನ್ನೊಂದು ಮೌನ ಎದುರಾಗುತ್ತದೆ. ಮುಟ್ಟು ನಿಂತ ಮಾತನ್ನು ಅತ್ತೆ ಸೊಸೆಯೊಡನೆ ಆಡುವುದಿಲ್ಲ, ತಾಯಿ ಮಗನೊಡನೆ ಆಡುವ ಪ್ರಶ್ನೆಯೇ ಇಲ್ಲ. ಡಾಕ್ಟರ ಕೋಣೆಯಲ್ಲಿ ತಾಯಿಗೆ ಮಗನೇ ದುಭಾಷಿಯಾದಾಗ ಆ ಪ್ರಶ್ನೆಯನ್ನು ಡಾಕ್ಟರು ಕೇಳರು, ಕೇಳಿದರೂ ಮಗ ತಾಯಿಗೆ ದಾಟಿಸನು.

ಕಾರಣವೇನೆಂಬುದು ಇನ್ನೂ ಪೂರ್ತಿಯಾಗಿ ಬಿಡಿಸಿದ ಒಗಟಲ್ಲ. ಆದರೆ ದಾರಿ ತೆರೆದಿದೆ. 2005ರಲ್ಲಿ ಇಟಲಿಯ ಸಂಶೋಧಕರು ಈ ಬೇನೆಯವರ ನಾಲಗೆಯಿಂದ ಅಣುವಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಬಿಸಿ ನೋವುಗಳನ್ನು ಅರಿಯುವ ನವಿರಾದ ನರತಂತುಗಳು ಆರೋಗ್ಯವಂತರಲ್ಲಿದ್ದುದಕ್ಕಿಂತ ಗಣನೀಯವಾಗಿ ಕಡಿಮೆಯಿದ್ದವು. ಸುದ್ದಿ ಒಯ್ಯುವ ತಂತಿಯೇ ಕೆಟ್ಟರೆ, ಇಲ್ಲದ ಬೆಂಕಿಯ ಸುದ್ದಿಯೂ ಮಿದುಳಿಗೆ ಮುಟ್ಟುತ್ತದೆ. ಮನೆಗೆ ಬೆಂಕಿ ಬಿದ್ದಿಲ್ಲ ನಿಜ. ಆದರೆ ಗಂಟೆ ಬಾರಿಸುತ್ತಿರುವುದು ಸುಳ್ಳಲ್ಲ. ಆ ಗಂಟೆಯನ್ನು ಹಗಲಿಡೀ ಕೇಳುವವರಿಗೆ ‘ಬೆಂಕಿಯಿಲ್ಲ, ಸುಮ್ಮನಿರಿ’ ಎಂದರೆ ಸಮಾಧಾನವಾದೀತೇ?

ಈಗ ನಾವು ನಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಳ್ಳಬೇಕಾಗಿದೆ. ಹೊರನಾಡಿನಲ್ಲಿ ಕನ್ನಡ ಉಳಿಯಬೇಕೆಂದು ವರ್ಷಕ್ಕೊಮ್ಮೆ ರಾಜ್ಯೋತ್ಸವದ ವೇದಿಕೆಯಲ್ಲಿ ಗಂಟಲು ಹರಿಯುವಂತೆ ಕೂಗುವ ನಾವು, ನಮ್ಮ ತಾಯಂದಿರ ಒಂದು ಕನ್ನಡ ಶಬ್ದವನ್ನು ಮನೆಯಿಂದ ಮೂರು ರಸ್ತೆ ಆಚೆಯ ದವಾಖಾನೆಗೆ ಸುರಕ್ಷಿತವಾಗಿ ಒಯ್ದು ಮುಟ್ಟಿಸಲಾರದೆ ಹೋದೆವು. ಆ ತಾಯಿ ‘ಉರಿ’ ಎಂದರು. ಮಗ ಹಿಂದಿಯಲ್ಲಿ ‘ಜಲನ್’ ಎಂದರು. ಎದುರಿಗೆ ಸಾಲುಗಟ್ಟಿ ಕುಳಿತ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರು ಅದನ್ನು ಎದೆಯುರಿ ಎಂದುಕೊಂಡು ‘ಆಸಿಡಿಟಿ?’ ಎಂದು ಕೇಳಿದರು. ಮಗ ತಲೆಯಾಡಿಸಿದರು. ನಾಲಗೆಯ ಉರಿ ಹೊಟ್ಟೆಯ ಉರಿಯಾಯಿತು. ಆಮ್ಲ ತಗ್ಗಿಸುವ ಗುಳಿಗೆ ಹತ್ತು ತಿಂಗಳು ನಡೆಯಿತು. ಆ ಗುಳಿಗೆಗಳನ್ನು ಬಹುಕಾಲ ತೆಗೆದುಕೊಂಡರೆ ಆಹಾರದಲ್ಲಿನ ಬಿ12 ಜೀವಸತ್ವ ಮೈಗೆ ಹತ್ತುವುದು ಕಡಿಮೆಯಾಗಬಹುದು. ಬಿ12 ಕೊರತೆಯೇ ನಾಲಗೆಯ ಉರಿಗೆ ಒಂದು ಕಾರಣ! ಒಂದು ತಪ್ಪು ತರ್ಜುಮೆ ಇಷ್ಟು ದೂರ ನಡೆಯಬಲ್ಲದು.

ಕನ್ನಡದಲ್ಲಿ ಉರಿ ಬೇರೆ, ಚುರುಗುಟ್ಟುವುದು ಬೇರೆ, ಜುಮುಜುಮು ಬೇರೆ, ಮರಗಟ್ಟುವುದು ಬೇರೆ, ಒಗರು ಬೇರೆ, ಕಹಿ ಬೇರೆ. ತಾಯಿ ಯಾವ ಶಬ್ದ ಬಳಸಿದರು, ಬಾಯಿಯ ಯಾವ ಜಾಗಕ್ಕೆ ಬೆರಳು ತೋರಿಸಿದರು, ದಿನದ ಯಾವ ಹೊತ್ತಿನಲ್ಲಿ ಎಂದರು, ಉಣ್ಣುವಾಗ ಹೆಚ್ಚೋ ಕಡಿಮೆಯೋ, ಎಂದಿನಿಂದ, ಆ ಸುಮಾರಿಗೆ ಯಾವ ಹೊಸ ಗುಳಿಗೆ ಅಥವಾ ಹೊಸ ದಂತಪಂಕ್ತಿ ಬಂತು. ಇಷ್ಟನ್ನು ಮನೆಯಲ್ಲೇ ಅವರ ಹತ್ತಿರ ಕುಳಿತು ಕನ್ನಡದಲ್ಲಿ ಬರೆದುಕೊಂಡು ಹೋದರೆ ಡಾಕ್ಟರ ಅರ್ಧ ಕೆಲಸ ಆದಂತೆ. ಇದಕ್ಕೆ ಹಣ ಬೇಡ. ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ನಾವು ಕೊಟ್ಟಿಲ್ಲ ಎಂಬುದೇ ನಮ್ಮ ಆರೋಪ.

ಎರಡನೆಯ ಆರೋಪ, ಅವಸರದ ಇಕ್ಕುಳದ ಮೇಲೆ. ಉರಿ ನಾಲಗೆಯಲ್ಲಿದ್ದರೆ ಹಲ್ಲು ಕಿತ್ತು ಪ್ರಯೋಜನವೇನು? ಹುಳುಕು ಹಲ್ಲನ್ನು, ನಾಲಗೆಗೆ ತಾಗುವ ಮುರಿದ ಹಲ್ಲನ್ನು ಸರಿಪಡಿಸುವುದು ಸರಿಯೇ. ಆದರೆ ಕಾರಣ ತಿಳಿಯದಿದ್ದಾಗ ಒಳ್ಳೆಯ ಹಲ್ಲಿಗೆ ಕೈಹಾಕುವುದು ಚಿಕಿತ್ಸೆಯಲ್ಲ. ಕಿತ್ತ ಹಲ್ಲು ಮರಳಿ ಬಾರದು. ಉರಿ ಮಾತ್ರ ಮರಳಿ ಬರುತ್ತದೆ. ಬಾಯುರಿ ಎಂದು ಹೋದಾಗ ‘ಹಲ್ಲು ತೆಗೆಯೋಣ’ ಎಂದರೆ, ‘ಯಾವ ಹಲ್ಲಿಗೆ ಏನಾಗಿದೆ, ಎಕ್ಸರೇಯಲ್ಲಿ ತೋರಿಸಿ’ ಎಂದು ಕೇಳುವ ಹಕ್ಕು ನಮಗಿದೆ. ಕೇಳುವುದು ಅವಿನಯವಲ್ಲ.

ಇಷ್ಟು ಹೇಳಿದ ಮೇಲೆ ಎದುರು ಬದಿಯ ತಪ್ಪಿನ ಬಗೆಗೂ ಎಚ್ಚರಿಸಬೇಕು. ಹೊಸ ಹೆಸರು ಕೈಗೆ ಸಿಕ್ಕಿತೆಂದು ಬಾಯಿ ಉರಿಯೆಂದವರಿಗೆಲ್ಲ ಅದನ್ನೇ ಹಚ್ಚುವುದೂ ಅಪಾಯವೇ. ಬೇರೆ ಕಾರಣಗಳೊಂದೂ ಇಲ್ಲವೆಂದು ಗೊತ್ತಾದ ಮೇಲೆ ಇಡಬೇಕಾದ ಹೆಸರಿದು. ‘ಏನೂ ಇಲ್ಲ’ ಎಂಬುದು ಹುಡುಕದೆ ಹೇಳಿದ ಮಾತಾದರೆ, ‘ಇದು ಬಾಯುರಿ ಬೇನೆ’ ಎಂಬುದು ಹುಡುಕಿದ ಮೇಲೆ ಹೇಳಬೇಕಾದ ಮಾತು.

ಹುಡುಕಬೇಕಾದದ್ದು ಇಷ್ಟು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ, ಬಿ12, ಫೋಲಿಕ್ ಆಮ್ಲ, ಸಕ್ಕರೆ, ಥೈರಾಯ್ಡ್. ಬಿ12 ವಿಷಯವನ್ನು ನಮ್ಮ ಶಾಕಾಹಾರಿ ಕುಟುಂಬಗಳು ಹಗುರವಾಗಿ ಎಣಿಸಬಾರದು. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಇದೆ. ಸೊಪ್ಪು ಕಾಳುಗಳಲ್ಲಿ ಇಲ್ಲ. ಮನೆಯವರಿಗೆಲ್ಲ ಗಟ್ಟಿ ಮೊಸರು ಬಡಿಸಿ ತಾನು ನೀರುಮಜ್ಜಿಗೆಯಲ್ಲಿ ಊಟ ಮುಗಿಸುವ ತಾಯಿ ಎಷ್ಟು ಮನೆಗಳಲ್ಲಿಲ್ಲ! ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಕೂಡ ಬಹುಕಾಲದಲ್ಲಿ ಬಿ12 ತಗ್ಗಿಸಬಹುದು. ನಾಲಗೆ ನುಣ್ಣಗೆ, ಕೆಂಪಗೆ ಆಗಿದ್ದರೆ ಕೊರತೆಯ ಸಂಶಯ ಬಲವಾಗುತ್ತದೆ. ಕೊರತೆಯಿದ್ದರೆ ತುಂಬಿಸಬೇಕು, ಕೊರತೆಯಿಲ್ಲದವರಿಗೆ ವರ್ಷಗಟ್ಟಲೆ ಬಿ ಕಾಂಪ್ಲೆಕ್ಸ್ ನುಂಗಿಸಿ ‘ಔಷಧ ನಡೆದಿದೆ’ ಎಂದು ಸಮಾಧಾನ ಪಡಬಾರದು.

ಆಮೇಲೆ ಬಾಯಿ. ಬೂಸಲು ಸೋಂಕು ಇದೆಯೇ, ದಂತಪಂಕ್ತಿ ಸಡಿಲವಾಗಿ ಉಜ್ಜುತ್ತಿದೆಯೇ, ಅದನ್ನು ರಾತ್ರಿಯೂ ತೆಗೆಯದೆ ಮಲಗುತ್ತಾರೆಯೇ, ನಾಲಗೆಯನ್ನು ಹಲ್ಲಿಗೆ ಒತ್ತುವ ಅಥವಾ ಹಲ್ಲು ಕಚ್ಚುವ ಅಭ್ಯಾಸವಿದೆಯೇ, ಕೆನ್ನೆಯ ಒಳಗೆ ಬಿಳಿ ಬಲೆಯಂಥ ಗೆರೆಗಳಿವೆಯೇ, ಉಗುಳು ನಿಜವಾಗಿಯೂ ಕಡಿಮೆಯಿದೆಯೇ? ಆಮೇಲೆ ಗುಳಿಗೆಗಳ ಡಬ್ಬಿ. ರಕ್ತದೊತ್ತಡದ ಎನಾಲಾಪ್ರಿಲ್, ಲಿಸಿನೊಪ್ರಿಲ್ ಮುಂತಾದ ಔಷಧಗಳು ಕೆಲವರಲ್ಲಿ ಬಾಯುರಿ ತರುವುದುಂಟು. ಬಾಯಿ ಒಣಗಿಸುವ ಗುಳಿಗೆಗಳು ಇನ್ನೂ ಹಲವು. ಡಬ್ಬಿಯನ್ನೇ ಡಾಕ್ಟರ ಮುಂದಿಡಿ. ಆದರೆ ನೀವಾಗಿಯೇ ರಕ್ತದೊತ್ತಡದ ಗುಳಿಗೆ ನಿಲ್ಲಿಸಬೇಡಿ; ಉರಿಗಿಂತ ದೊಡ್ಡ ಕೇಡಿಗೆ ದಾರಿಯಾದೀತು.

ಇನ್ನೊಂದು ಮಾತನ್ನು ಕನ್ನಡಿಗರಾದ ನಾವು ಅಪ್ರಿಯವಾದರೂ ಆಡಬೇಕು. ಅಡಿಕೆ ನಮ್ಮ ನಾಡಿನ ಬೆಳೆ. ಮಲೆನಾಡು ಕರಾವಳಿಗಳ ಎಷ್ಟೋ ಮಕ್ಕಳು ಅಡಿಕೆಯ ದುಡ್ಡಿನಲ್ಲೇ ಓದಿ ಈ ಶಹರಕ್ಕೆ ಬಂದವರು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು, ತಂಬಾಕು ಬೆರೆಸದಿದ್ದರೂ, ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಸಾಲಿಗೆ ಸೇರಿಸಿದೆ. ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ರೋಗ ಬಾಯುರಿಯಿಂದಲೇ ಮೊದಲಾಗಬಹುದು. ಅಲ್ಲಿ ಉರಿ ಖಾರ ತಿಂದಾಗ ಹೆಚ್ಚು. ಕೆನ್ನೆಯ ಒಳಪದರ ಬಿಳಿಚಿ ಬಿಗಿಯಾಗುತ್ತದೆ. ಬಾಯಿ ದಿನದಿನಕ್ಕೆ ಕಡಿಮೆ ತೆರೆಯುತ್ತದೆ. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಮುಂದಿನ ಹಲ್ಲುಗಳ ನಡುವೆ ಇಡಲಾರದವರು ತಡಮಾಡದೆ ತೋರಿಸಿಕೊಳ್ಳಬೇಕು. ಇದು ಮುಂದೆ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಕಟ್ಟಡದ ಕೆಳಗೆ ಪುಡಿಕೆ ಹರಿಯುವ ತರುಣರ ಉರಿಯನ್ನೂ, ಹಲ್ಲಿಗೆ ಮಿಶ್ರಿ ಉಜ್ಜುವವರ ಉರಿಯನ್ನೂ ಬಾಯುರಿ ಬೇನೆಯೆಂದು ತಳ್ಳಿಹಾಕುವುದು ಅಕ್ಷಮ್ಯ.

ಹಾಗೆಯೇ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಒಂದೇ ಬದಿಯ ನೋವು, ನುಂಗಲು ಕಷ್ಟ, ನಾಲಗೆ ಜೋಮು ಹಿಡಿಯುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಯಾವುದಿದ್ದರೂ ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ಎಲ್ಲಿಗೆ ಹೋಗಬೇಕು? ಹಲ್ಲು ಕೀಳುವ, ತುಂಬುವ ದಂತವೈದ್ಯರನ್ನು ನಾವು ಬಲ್ಲೆವು. ಆದರೆ ಬಾಯಿಯ ರೋಗಗಳನ್ನು ಗುರುತಿಸುವುದನ್ನೇ ವಿಶೇಷವಾಗಿ ಓದಿದ ವೈದ್ಯರಿದ್ದಾರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ದಂತ ಕಾಲೇಜುಗಳಲ್ಲಿ ಈ ವಿಭಾಗಕ್ಕೆ ಓರಲ್ ಮೆಡಿಸಿನ್ ಎಂದು ಹೆಸರು. ಮುಂಬಯಿಯಲ್ಲಿ ನಗರಪಾಲಿಕೆಯ ನಾಯರ್ ದಂತ ಕಾಲೇಜು ಇದೆ, ಸರಕಾರಿ ದಂತ ಕಾಲೇಜು ಇದೆ. ಚೀಟಿ ಮಾಡಿಸುವ ಕಿಟಕಿಯಲ್ಲಿ ‘ಹಲ್ಲು ನೋವು’ ಎನ್ನದೆ ‘ಓರಲ್ ಮೆಡಿಸಿನ್ ವಿಭಾಗಕ್ಕೆ ತೋರಿಸಬೇಕು’ ಎಂದು ಹೇಳಿ. ಸಾಲು ಉದ್ದವಿರುತ್ತದೆ, ಆದರೂ ಸರಿಯಾದ ಸಾಲಿನಲ್ಲಿ ನಿಂತಂತಾಗುತ್ತದೆ.

ಕೆಲವರು ನಮ್ಮನ್ನು ಹೀಗೆ ಕೇಳಿದ್ದಾರೆ: “ಪ್ರಾಣಕ್ಕೆ ಅಪಾಯವಿಲ್ಲದ, ಗುಣಪಡಿಸುವ ಖಚಿತ ಔಷಧವೂ ಇಲ್ಲದ ಬೇನೆಗೆ ಇಷ್ಟೊಂದು ಸದ್ದೇಕೆ? ಹೆಸರು ತಿಳಿದರೆ ಉರಿ ಆರುತ್ತದೆಯೇ?” ಪ್ರಶ್ನೆ ನೇರವಾಗಿದೆ, ಉತ್ತರವೂ ನೇರವಾಗಿರಲಿ. ಖಚಿತ ಔಷಧವಿಲ್ಲವೆಂಬುದು ನಿಜ. 2016ರಲ್ಲಿ ಕೊಕ್ರೇನ್ ಸಂಸ್ಥೆ 23 ಪ್ರಯೋಗಗಳನ್ನು ತೂಗಿ ನೋಡಿ, ಇಂಥದೇ ಚಿಕಿತ್ಸೆ ಫಲಕಾರಿ ಎಂದು ಹೇಳುವಷ್ಟು ಆಧಾರ ಸಾಲದೆಂದು ಒಪ್ಪಿಕೊಂಡಿತು. ಹೀಗಿರುವಾಗ ‘21 ದಿನದಲ್ಲಿ ಗ್ಯಾರಂಟಿ’ ಎಂದು ಲೋಕಲ್ ಡಬ್ಬಿಗಳಲ್ಲಿ ಚೀಟಿ ಅಂಟಿಸುವವರು ಎಲ್ಲಿಂದ ಗ್ಯಾರಂಟಿ ತಂದರು?

ಆದರೆ ಖಚಿತ ಔಷಧವಿಲ್ಲವೆಂದರೆ ಉಪಶಮನವೇ ಇಲ್ಲವೆಂದಲ್ಲ. ಕ್ಲೊನಾಜೆಪಾಮ್ ಗುಳಿಗೆಯನ್ನು ನುಂಗದೆ, 3 ನಿಮಿಷ ಬಾಯಲ್ಲಿ ಉರಿಯ ಜಾಗದಲ್ಲಿಟ್ಟು ಉಗುಳುವ ಕ್ರಮವನ್ನು ಫ್ರಾನ್ಸಿನಲ್ಲಿ 48 ಮಂದಿಯ ಮೇಲೆ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಹುಸಿಗುಳಿಗೆ ಪಡೆದವರಿಗಿಂತ ಇವರಿಗೆ ಉರಿ ಹೆಚ್ಚು ತಗ್ಗಿತ್ತು. ಇದು ಮಂಪರು ತರುವ, ಚಟವಾಗಬಲ್ಲ ಔಷಧ. ವಯಸ್ಸಾದವರು ತೂಕಡಿಸಿ ಬಿದ್ದು ಮೂಳೆ ಮುರಿದುಕೊಳ್ಳುವ ಭಯವಿದೆ. ವೈದ್ಯರ ಚೀಟಿಯಿಲ್ಲದೆ, ನೆರೆಮನೆಯವರ ಡಬ್ಬಿಯಿಂದ ಕೇಳಿ ತರುವ ಪದಾರ್ಥವಲ್ಲ. ನರದ ನೋವಿಗೆ ಕೊಡುವ ಬೇರೆ ಔಷಧಗಳನ್ನೂ ವೈದ್ಯರು ಅಳೆದು ಕೊಡುವುದುಂಟು. ನೋವಿನೊಡನೆ ಬಾಳುವ ಬಗೆಯನ್ನು ಕಲಿಸುವ ಮನೋಚಿಕಿತ್ಸೆಯೂ ಕೆಲವರಿಗೆ ನೆರವಾಗಿದೆ.

ಮನೋಚಿಕಿತ್ಸೆ ಎಂದೊಡನೆ ಮನೆಯವರು, “ನಾವು ಹೇಳಲಿಲ್ಲವೇ? ಎಲ್ಲ ಮನಸ್ಸಿನದೇ!” ಎಂದು ಚಪ್ಪಾಳೆ ತಟ್ಟುತ್ತಾರೆ. ತಡೆಯಿರಿ. ಈ ಬೇನೆಯವರಲ್ಲಿ ಆತಂಕ, ಖಿನ್ನತೆ ಹೆಚ್ಚಾಗಿ ಕಾಣುತ್ತವೆ ಎಂಬುದು ನಿಜ. ಒಂದೂವರೆ ವರ್ಷ ಬಾಯಿ ಉರಿದು, ಹೇಳಿದರೆ ನಗೆಪಾಟಲಾಗುವವರಿಗೆ ಆತಂಕವಾಗದೆ ಇನ್ನೇನಾದೀತು? ಊರಿನ ಅಂಗಳ, ನೆರೆಹೊರೆ, ಮಾತಿನ ಗೆಳತಿಯರನ್ನು ಬಿಟ್ಟು ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ ಹಗಲು ಕಳೆಯುವವರ ಮನಸ್ಸು ಕುಗ್ಗುವುದು ಸೋಜಿಗವೇ? ಮನಸ್ಸು ಉರಿಯನ್ನು ಹೆಚ್ಚಿಸಬಹುದು, ಉರಿ ಮನಸ್ಸನ್ನು ಕುಗ್ಗಿಸಬಹುದು. ಇದರಿಂದ ಉರಿ ನಟನೆಯೆಂದು ಸಿದ್ಧವಾಗುವುದಿಲ್ಲ. ಎರಡಕ್ಕೂ ಆರೈಕೆ ಬೇಕೆಂದು ಸಿದ್ಧವಾಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದೂ ಉಂಟು. ಕೈಗೆಟುಕುವಲ್ಲಿ ತಣ್ಣೀರು, ಗುಟುಕು ಗುಟುಕಾಗಿ ಕುಡಿಯಲಿ. ಬರ್ಫದ ಚೂರು ಚೀಪಲಿ. ಕಲ್ಲುಸಕ್ಕರೆ ಹಲ್ಲು ಕೆಡಿಸುತ್ತದೆ, ಸಕ್ಕರೆ ಕಾಯಿಲೆಯವರಿಗೆ ಸಲ್ಲದು. ಬದಲಿಗೆ ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಅಗಿಯಲಿ, ಅದೂ ಘಾಟಿಲ್ಲದ್ದು. ಖಾರ, ಹುಳಿ, ಸುಡುವ ಚಹ, ದಾಲ್ಚಿನ್ನಿ ತಮಗೆ ತೊಂದರೆ ಕೊಟ್ಟರೆ ಬಿಡಲಿ. ಕೊಡದಿದ್ದರೆ ಬಲವಂತವಾಗಿ ಸಪ್ಪೆ ಊಟಕ್ಕೆ ತಳ್ಳಬೇಡಿ. ನೊರೆ ಹೆಚ್ಚಿರುವ, ಪುದೀನ ಘಾಟಿನ ಪೇಸ್ಟ್ ಬದಲಿಸಿ ಸೌಮ್ಯವಾದುದನ್ನು ತನ್ನಿ. ಮದ್ಯಸಾರವಿರುವ ಬಾಯಿ ಮುಕ್ಕಳಿಸುವ ದ್ರಾವಣ, ಪಟಿಕ, ಲವಂಗದ ಎಣ್ಣೆ, ತಂಬಾಕು ಬೇಡ. ದಂತಪಂಕ್ತಿಯನ್ನು ರಾತ್ರಿ ತೆಗೆದು ತೊಳೆದಿಡಲಿ.

ಆ ತಾಯಿಯ ವಿಷಯಕ್ಕೆ ಬರೋಣ. ನಮ್ಮ ಸಂಘದ ಸೋದರಿಯೊಬ್ಬರು ಅವರೊಡನೆ ಕುಳಿತು, ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆದು, ಹಿಂದಿಯಲ್ಲಿ ಒಂದು ಪುಟ ಮಾಡಿ, ದಂತ ಕಾಲೇಜೊಂದಕ್ಕೆ ಕರೆದೊಯ್ದರು. ಪರೀಕ್ಷೆಯಲ್ಲಿ ಬಿ12 ಕಡಿಮೆಯೆಂದು ಕಂಡಿತು, ಚುಚ್ಚುಮದ್ದು ಕೊಟ್ಟರು. ಉರಿ ಸ್ವಲ್ಪ ತಗ್ಗಿತು, ಹೋಗಲಿಲ್ಲ. ಕೊರತೆ ತುಂಬಿದ ಮೇಲೂ ಉಳಿದ ಉರಿಗೆ ವೈದ್ಯೆ ಈ ಬೇನೆಯ ಹೆಸರು ಹೇಳಿ, ಕ್ಯಾನ್ಸರ್ ಅಲ್ಲವೆಂದು ಬಿಡಿಸಿ ತಿಳಿಸಿದರು. ತಾಯಿ ಒಂದು ಗಳಿಗೆ ಸುಮ್ಮನಿದ್ದು, ಮಗನ ಕಡೆ ತಿರುಗಿ, “ಹೆಸರ ಅದ ಅಂದ ಮ್ಯಾಲ ನಾ ಸುಳ್ಳ ಹೇಳಿಲ್ಲ ಅಂದಂಗಾತಲ್ಲೋ?” ಎಂದರಂತೆ. ಮಗ ಉತ್ತರಿಸಲಿಲ್ಲ. ಅವರು ಕ್ಯಾನ್ಸರಿನ ಹೆದರಿಕೆಯನ್ನು ಒಂದೂವರೆ ವರ್ಷ ಒಬ್ಬರೇ ಹೊತ್ತಿದ್ದರೆಂಬುದು ಅಂದೇ ಮನೆಯವರಿಗೆ ತಿಳಿದದ್ದು.

ಹೆಸರಿನಿಂದ ಏನಾಯಿತೆಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ. ಇನ್ನಷ್ಟು ಹಲ್ಲು ಹೋಗುವುದು ತಪ್ಪಿತು. ಬೇಡದ ಗುಳಿಗೆ ನಿಂತಿತು. ಕ್ಯಾನ್ಸರಿನ ಭಯ ಹೋಯಿತು. ಅತ್ತೆ ಸೊಸೆಯರ ನಡುವಿನ ಮುನಿಸಿಗೆ ಕಾರಣ ಉಳಿಯಲಿಲ್ಲ. ಉರಿ ಇನ್ನೂ ಇದೆ, ಸಂಜೆ ಹೊತ್ತು ಈಗಲೂ ಬರುತ್ತದೆ. ಆದರೆ ಅವರು ಭಜನೆಗೆ ಬರುತ್ತಿದ್ದಾರೆ. ಪಕ್ಕದಲ್ಲಿ ನೀರಿನ ತಂಬಿಗೆ ಇರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ.

ನಮ್ಮ ಸಂಘಗಳು ವರ್ಷಕ್ಕೊಮ್ಮೆ ನಡೆಸುವ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ, ಕಣ್ಣು ನೋಡಿ ಫೋಟೋ ತೆಗೆಸಿಕೊಂಡು ಮುಗಿಸುತ್ತೇವೆ. ಮುಂದಿನ ಶಿಬಿರದಲ್ಲಿ ಬಾಯಿಯನ್ನೂ ನೋಡಿಸೋಣ. ಪ್ರತಿ ಬಡಾವಣೆಯಲ್ಲಿ ಹಿರಿಯರೊಡನೆ ದವಾಖಾನೆಗೆ ಹೋಗಿ ಅವರ ಮಾತನ್ನು ಸರಿಯಾಗಿ ದಾಟಿಸಬಲ್ಲ ಇಬ್ಬರು ಸೋದರಿಯರ ಹೆಸರು ಬರೆದಿಡೋಣ. ನಾಟಕ, ಯಕ್ಷಗಾನ, ಹಬ್ಬದೂಟಕ್ಕೆ ಸ್ವಯಂಸೇವಕರು ಸಿಗುವ ನಮ್ಮಲ್ಲಿ ಇದಕ್ಕೆ ಸಿಗಲಾರರೇ?

ಸಂಘ ಮಾಡುವ ತನಕ ಮನೆ ಕಾಯಬೇಕಿಲ್ಲ. ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಅಮ್ಮನ, ಅತ್ತೆಯ ಹತ್ತಿರ ಕುಳಿತು ಕೇಳಿ. ‘ಎಲ್ಲಿ? ಎಂದಿನಿಂದ? ಯಾವ ಹೊತ್ತು?’ ಎಂದು ಕೇಳಿ. ಅವರು ಹೇಳಿದ್ದನ್ನು ಅವರದೇ ಶಬ್ದದಲ್ಲಿ ಬರೆದುಕೊಳ್ಳಿ. ಇನ್ನು ಮುಂದೆ ಯಾರಾದರೂ ಹುಡುಕದೆ ‘ಏನೂ ಇಲ್ಲ’ ಎಂದರೆ, ವಿನಯದಿಂದಲೇ, ಆದರೆ ಕುರ್ಚಿಯಿಂದ ಏಳದೆ, ಹೇಳಿ: “ಉರಿ ಇದೆ. ಕಾರಣ ಏನೆಂದು ನೋಡಿ.”